ಪೋನಿಗೆ ಸಿಕ್ಕ ಕುಲ

ಸರತಿಯಲ್ಲಿ ಕಿಡೆನ್‌ಳ ಮುಂದಿದ್ದ ರೆಜೀನಾ ನಲ್ಲಿಯ ಗಾಜಿಗೆ ಕಣ್ಣು ತೋರಿಸಿದಳು. ಗಾಜು ಅವಳನ್ನು ಗುರುತಿಸಿ ಹಸಿರಾಯಿತು. ನಲ್ಲಿ ಮಾತ್ರ ಒಂದು ಸಲ ಕೆಮ್ಮಿ ಸುಮ್ಮನಾಯಿತು.

"ನನ್ನ ಗುರುತಿದೆಯಂತೆ, ನೀರಿನ ಗುರುತೇ ಮರೆತುಹೋಗಿದೆ," ಎಂದಳು ರೆಜೀನಾ. ಯಾರೂ ನಗಲಿಲ್ಲ. ಶಿಬಿರದ ನೆತ್ತಿಯ ಮೇಲಿನ ಮಂಜುಗೋಪುರದ ಬಲೆಗಳು ಮೂರು ತಿಂಗಳಿಂದ ಒಂದು ಹನಿಯನ್ನೂ ಹಿಡಿದಿರಲಿಲ್ಲ. ಎಂಜಿನಿಯರುಗಳು ಹಾರುಬಂಡಿಯಲ್ಲಿ ಬಂದು, ಬಲೆ ಸರಿಯಾಗಿಯೇ ಇದೆ, ಗಾಳಿಯಲ್ಲಿ ತೇವವಿಲ್ಲ ಎಂದು ಹೇಳಿ ಹೋಗಿದ್ದರು.

ರೆಜೀನಾ ಖಾಲಿ ಡಬ್ಬ ಎತ್ತಿಕೊಂಡು ಬಂಡೆಯ ಕಡೆ ನೋಡಿದಳು. "ಎರಡು ದಿನ ಆಯ್ತು. ಆ ಹುಡುಗಿ ಹಟ ಬಿಡ್ತಾ ಇಲ್ಲ ನೋಡು."

ಆ ಹುಡುಗಿ ಪೋನಿ. ನದಿ ದಾಟಿ ಬಂದ ವರ್ಷದಿಂದ ಕಿಡೆನ್ ಜೊತೆ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವಳು. ಇಬ್ಬರಿಗೂ ಹದಿನಾರು. ಮಳೆ ತರಬಲ್ಲ ಮಳೆಕುಲದವರು ಅದನ್ನು ಬಚ್ಚಿಟ್ಟರೆ ಅವರನ್ನು ಬೋಳು ಬಂಡೆಯ ಮೇಲೆ ಬಿಸಿಲಿಗೆ ಕೂರಿಸಬೇಕು, ಹನಿ ಬೀಳುವವರೆಗೆ ನೀರು ಕೊಡಕೂಡದು. ಮನೆ, ದನ, ಸತ್ತವರ ಗೋರಿ ಎಲ್ಲವನ್ನೂ ಆಚೆ ದಡದಲ್ಲಿ ಬಿಟ್ಟು ಬಂದ ಜನ ಈ ನ್ಯಾಯವನ್ನು ಮಾತ್ರ ಮರೆಯದೆ ತಂದಿದ್ದರು.

ಹೋದ ವರ್ಷ ಗೋಪುರದ ಬಲೆಗಳ ಧೂಳು ಜಾಡಿಸಲು ಹುಡುಗಿಯರನ್ನು ಹತ್ತಿಸಿದಾಗ ಪೋನಿಯ ಕಾಲು ಜಾರಿತ್ತು. ಕಿಡೆನ್ ಅವಳ ಎಡಗೈ ಹಿಡಿದಳು. ಹಿಡಿದ ತನ್ನ ಅಂಗೈಯಲ್ಲಿ ಏನೋ ತಣ್ಣಗೆ ಹರಿದ ಹಾಗಾಯಿತು, ಮೋಡವೇ ಇಲ್ಲದ ಆಕಾಶದಿಂದ ಮಳೆ ಸುರಿಯಿತು. ಕೆಳಗಿದ್ದವರಿಗೆ ಕಂಡದ್ದು ಗಾಳಿಯಲ್ಲಿ ನೇತಾಡುತ್ತಿದ್ದ ಪೋನಿ, ಅವಳ ಬಲಗೈ ಬೆರಳುಗಳಿಂದ ಇಳಿಯುತ್ತಿದ್ದ ನೀರು. ಹಿರಿಯ ಪಿತ್ಯಾ ಕುಲ ಯಾವುದೆಂದು ವಿಚಾರಿಸಿದ. ಕಿಡೆನ್‌ಳದು ಶಿಬಿರದ ದಾಖಲೆಯಲ್ಲಿ ಕಮ್ಮಾರರ ಕುಲ ಎಂದಿತ್ತು. ಅಜ್ಜಿ ಹಾಗೆ ಬರೆಸಿದ್ದಳು. ಪೋನಿ ಹೆತ್ತವರ ಹೆಸರೂ ತಿಳಿಯದ ಮಗು. ಕುಲವೇ ಗೊತ್ತಿಲ್ಲದವಳಿಗೆ ಯಾವ ಕುಲವನ್ನಾದರೂ ಕೊಡಬಹುದಿತ್ತು. ಮಳೆಕುಲ ಕೊಟ್ಟರು. ಆವತ್ತು ಪೋನಿ ಸಂತೋಷಕ್ಕೆ ಊಟ ಮಾಡಲಿಲ್ಲ. ನನಗೂ ಒಂದು ಕುಲ ಇದೆ ಎಂದು ಎಷ್ಟು ಸಲ ಹೇಳಿದಳೋ. ಅದನ್ನು ಹೇಗೆ ಕಿತ್ತುಕೊಳ್ಳಲಿ ಎಂದುಕೊಂಡು ಕಿಡೆನ್ ಸುಮ್ಮನಿದ್ದಳು. ಹಾಗೆಂದುಕೊಳ್ಳುವುದು ಹಿತವಾಗಿತ್ತು.

ಡೇರೆಯಲ್ಲಿ ಅಜ್ಜಿ ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟಿದ್ದ ಮಳೆಕುಲದ ಕಲ್ಲುಗಳನ್ನು ತೆಗೆದು ಎಳ್ಳೆಣ್ಣೆ ಸವರುತ್ತಿದ್ದಳು. ಕಿಡೆನ್ ಒಳಗೆ ಬಂದದ್ದೇ ಕಲ್ಲುಗಳು ಬೆವರತೊಡಗಿದವು. ಅಜ್ಜಿ ಅವನ್ನು ಸೆರಗಿನಿಂದ ಮುಚ್ಚಿದಳು.

"ಅವಳು ಸಾಯ್ತಾಳೆ ಅಜ್ಜಿ."

"ನಿಮ್ಮಜ್ಜನೂ ಆಚೆ ದಡದಲ್ಲಿ ಹಿಂಗೇ ಬಂಡೆ ಮೇಲೆ ಕೂತಿದ್ರು. ನಾಲ್ಕು ದಿನ. ನಾನು ಒಂದು ಗುಟುಕು ನೀರು ತಗೊಂಡು ಹೋಗ್ಲಿಲ್ಲ." ಅಜ್ಜಿ ತಲೆ ಎತ್ತಲಿಲ್ಲ. "ಹೋಗಿದ್ರೆ ನಿಮ್ಮಪ್ಪನ್ನೂ ಕೂರಿಸೋರು. ನೀನು ಹುಟ್ತಿರ್ಲಿಲ್ಲ. ಅದಕ್ಕೇ ಇಲ್ಲಿ ಕಮ್ಮಾರರ ಕುಲ ಅಂತ ಬರೆಸಿದ್ದು."

ಕಿಡೆನ್ ಎದ್ದು ಹೊರಟಳು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಹೇಳಿಕೊಂಡಳು. ಮಳೆಕುಲ ನನ್ನದು. ಮೂರು ಶಬ್ದವೂ ಆಗುವುದಿಲ್ಲ.

ಬಂಡೆಯ ಬುಡದಲ್ಲಿ ಬಿಸಿಲುಬಟ್ಟೆಯ ಚಪ್ಪರದಡಿ ಪಿತ್ಯಾ ಕೂತಿದ್ದ. ಎರಡು ದಿನದಿಂದ ತಾನೂ ನೀರು ಮುಟ್ಟಿರಲಿಲ್ಲ, ಕಣ್ಣು ಗುಳಿಬಿದ್ದಿತ್ತು.

"ದೊಡ್ಡಪ್ಪ, ಒಂದು ಮಾತು ಹೇಳ್ಬೇಕು."

"ನನಗೇನು ಹೇಳ್ತೀಯ ಮಗಳೇ. ಅವಳಿಗೆ ಹೇಳು. ಕಮ್ಮಾರರ ಹುಡುಗಿ ನೀನು, ಗಟ್ಟಿ ಕಬ್ಬಿಣಾನೂ ಬಗ್ಗಿಸ್ತೀರಿ. ನಿನ್ನ ಮಾತು ಕೇಳ್ತಾಳೆ."

ಕಿಡೆನ್ ತಲೆಯಾಡಿಸಿ ಬಂಡೆ ಹತ್ತಿದಳು. ಹತ್ತುವಾಗ ಮನಸ್ಸು ಹಗುರಾಯಿತು. ಹಗುರಾಯಿತೆಂದು ನಾಚಿಕೆಯಾಯಿತು.

ಪೋನಿಯ ತುಟಿ ಒಡೆದಿತ್ತು. ಅವಳು ಅಳುತ್ತಿರಲಿಲ್ಲ, ಬೈಯಲೂ ಇಲ್ಲ. "ಆವತ್ತು ನಾನು ಏನು ಮಾಡಿದ್ದೆ ಕಿಡೆನ್?" ಎಂದು ಪಿಸುಗುಟ್ಟಿದಳು. "ಎಷ್ಟು ಯೋಚಿಸಿದ್ರೂ ನೆನಪಾಗ್ತಿಲ್ಲ. ನೀನು ಪಕ್ಕದಲ್ಲೇ ಇದ್ದೆಯಲ್ಲ, ಹೇಳು. ನಮ್ಮ ಕುಲದ ಹಿರಿಯರು ನನ್ನ ಮೇಲೆ ಸಿಟ್ಟಾಗಿದ್ದಾರೆ ಅನ್ಸುತ್ತೆ."

ಈಗ ಹೇಳಬಹುದಿತ್ತು. ಮೊದಲು ಮಳೆ ಬರಲಿ ಎಂದುಕೊಂಡಳು ಕಿಡೆನ್. ಮಳೆ ಬಂದ ಮೇಲೆ ಹೇಳಿದರೆ ಯಾರಿಗೂ ಸಿಟ್ಟಿರುವುದಿಲ್ಲ. "ನೀನು ನನ್ನ ಕೈ ಹಿಡ್ಕೊಂಡಿದ್ದೆ ಅಷ್ಟೆ," ಎಂದು ಕೈ ಚಾಚಿದಳು.

ಪೋನಿಯ ಕೈ ಕಾದ ಹೆಂಚಿನಂತಿತ್ತು. ಮೊದಲ ಹನಿ ಬಂಡೆಯ ಮೇಲೆ ಬಿದ್ದು ಚುರ್ ಎಂದಿತು. ಆಮೇಲೆ ಎಣಿಸಲಾಗದಷ್ಟು.

ಜನ ಡಬ್ಬ, ಬೋಗುಣಿ, ಮಕ್ಕಳ ಸಮೇತ ಓಡಿಬಂದರು. ಪಿತ್ಯಾ ಮಂಡಿಯೂರಿ ಪೋನಿಯ ಪಾದಕ್ಕೆ ಎಣ್ಣೆ ಹಚ್ಚಿ ತಪ್ಪಾಯಿತೆಂದ. ಇನ್ನು ಸುತ್ತಲ ಮೂರು ಶಿಬಿರಗಳಿಗೂ ಮಳೆ ತರುವವಳು ಇವಳೇ ಎಂದು ಸಾರಿದ. ಆಗಲೇ ಯಾರೋ ಆ ಶಿಬಿರಗಳಿಗೆ ಸುದ್ದಿ ಕಳಿಸುತ್ತಿದ್ದರು. ಕಿಡೆನ್ ಬಾಯಿ ತೆರೆದಳು. "ನಾನು..." ಎಂದಳು, ನಿಜವಾಗಿಯೂ ಎಂದಳು. ರೆಜೀನಾ ಅವಳ ಭುಜ ಹಿಡಿದು ಮೆಲ್ಲಗೆ ಬದಿಗೆ ಸರಿಸಿದಳು: "ಸ್ವಲ್ಪ ಆಚೆ ಹೋಗಮ್ಮ, ನಾವೂ ಅವಳನ್ನ ಮುಟ್ಬೇಕು."

ಎರಡನೆಯ ಸಲ ಕಿಡೆನ್ ಬಾಯಿ ತೆರೆಯಲಿಲ್ಲ.

ಪೋನಿಯನ್ನು ಹೆಗಲ ಮೇಲೆ ಎತ್ತಿದರು. ಅವಳು ನಗುತ್ತಿದ್ದಳು. ಗುಂಪಿನ ತಲೆಗಳ ಮೇಲಿಂದ ಕೈ ಚಾಚಿ, ಕಿಡೆನ್ ಎಲ್ಲಿ, ಕಿಡೆನ್ ಎಲ್ಲಿ ಎಂದು ಹುಡುಕುತ್ತಿದ್ದಳು. ಕಿಡೆನ್ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಹಿಂದೆ ಹಿಂದೆ ಸರಿದಳು. ಕಂಕುಳಿಂದ ತಣ್ಣನೆಯ ನೀರು ಇಳಿದು ಅಂಗಿಯನ್ನು ತೋಯಿಸುತ್ತಿತ್ತು. ಅಷ್ಟು ಮಳೆಯಲ್ಲಿ ಅದು ಯಾರಿಗೂ ಕಾಣಲಿಲ್ಲ.