ಹಾಜಿ ತಹಾಮಿಯ ಕಿಟಕಿ

ಹಾಜಿ ತಹಾಮಿಗೆ ಅವಳ ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅವನು ಕೊನೆಯ ಸಲ ನೋಡಿದಾಗ ಶಾಮಾ ಅಮ್ಮನ ನಿಲುವಂಗಿ ಹಿಡಿದುಕೊಂಡು ಮೂಗು ಒರೆಸಿಕೊಳ್ಳುತ್ತಿದ್ದ ಹುಡುಗಿ. ಈಗ ಫೆಜ್ ಪಟ್ಟಣದ ಹಳೇ ಮನೆಗಳಿಗೆ ಹೊಸ ಬೆಳಕು ತರುವ ಆರ್ಕಿಟೆಕ್ಟ್ ಎಂದು ಹೆಸರು ಮಾಡಿದ್ದಳು. ಅವಳ ಕಚೇರಿಯ ಬಾಗಿಲ ಫಲಕದ ಮೇಲೆ ಇದ್ದದ್ದು ಗಂಡನ ಮನೆತನದ ಹೆಸರು.

"ನನಗೆ ಬೆಳಕು ಬೇಕು ಇಂಜಿನಿಯರಮ್ಮ," ಎಂದ ಹಾಜಿ. "ಮನೇನ ಅತಿಥಿಗೃಹ ಮಾಡ್ತಿದೀನಿ. ಬರೋರೆಲ್ಲ ಪರದೇಶದೋರು, ಬೆಳಕು ಕಂಡ್ರೆ ಬಾಯಿ ಬಾಯಿ ಬಿಡ್ತಾರೆ. ಈ ಹಜಾರ ನೋಡಿ, ಮಟಮಟ ಮಧ್ಯಾಹ್ನಾನೂ ಗವಿ ಥರ!"

ಶಾಮಾ ಪುದೀನ ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಬೆಳಕು ಬೇಕಂತೆ, ಇವನಿಗೆ! ಮುಖದಲ್ಲಿ ಮಾತ್ರ ನಗು.

ಅವಳಪ್ಪ ತೀರಿಕೊಂಡ ವರ್ಷ ಈತ, ಪಕ್ಕದ ನಿನ್ನ ಮನೆಯನ್ನು ನನಗೇ ಕೊಡು ಎಂದು ಜನ ಗೌರವದಿಂದ ಲಲ್ಲಾ ಎನ್ನುತ್ತಿದ್ದ ಅವಳಮ್ಮ ಬತೂಲ್‌ಗೆ ದುಂಬಾಲು ಬಿದ್ದಿದ್ದ. ಬತೂಲ್ ಒಲ್ಲೆ ಎಂದಳು. ಅಷ್ಟೇ ಸಾಕಾಯಿತು ಪುಣ್ಯಾತ್ಮನಿಗೆ. ಎರಡೂ ಮನೆಯ ನಡುವಿನ ತನ್ನ ಗೋಡೆಯನ್ನು ಎತ್ತರಿಸುತ್ತ ಹೋದ, ಆಕೆಯ ಅಂಗಳಕ್ಕೆ ಒಂದು ತುಣುಕು ಬಿಸಿಲೂ ಬೀಳದ ಹಾಗೆ. ಹಳೇ ಊರಿನ ಕಟ್ಟಳೆಯೇ ಹಾಗೆ. ಗೋಡೆಯನ್ನು ಮುಗಿಲಿಗೆ ಮುಟ್ಟಿಸಿದರೂ ಕೇಳುವವರಿಲ್ಲ. ಪಕ್ಕದ ಅಂಗಳದ ಹೆಂಗಸರು ಕಣ್ಣಿಗೆ ಬೀಳುವಂತೆ ಕಿಟಕಿ ಮಾತ್ರ ತೆರೆಯಬಾರದು.

ಬತೂಲ್ ಕಸೂತಿ ಹಾಕಿ ಬದುಕುತ್ತಿದ್ದವಳು. ಎರಡೂ ಮಗ್ಗುಲು ಒಂದೇ ಥರ ಕಾಣುವ, ಹಿಂಬದಿ ಎನ್ನುವುದೇ ಇಲ್ಲದ ನೀಲಿ ಕಸೂತಿ. ಎಳೆ ಎಣಿಸಿ ಸೂಜಿ ಚುಚ್ಚಬೇಕು. ಅದಕ್ಕೆ ಹಗಲ ಬೆಳಕೇ ಆಗಬೇಕು. ಮಗಳನ್ನು ಕಟ್ಟಿಕೊಂಡು ಹೋಗಿ ಹಾಜಿಯ ಹೊಸ್ತಿಲಲ್ಲಿ ನಿಂತು ಬೇಡಿದ್ದಳು.

"ಬಿಸಿಲೇನು ನಿಮ್ಮಪ್ಪನ ಮನೆ ಗಂಟಾ?" ಎಂದಿದ್ದ ಹಾಜಿ. ಒಳಗೆ ಹೋಗಿ ಒಂದು ಕಟ್ಟು ಮೇಣದಬತ್ತಿ ತಂದು ಅವಳ ಕೈಗೆ ಹಾಕಿದ್ದ. "ತಗೋ, ಕತ್ತಲೆ ಅಂತ ಅಳಬೇಡ." ಬೀದಿಯ ಗಂಡಸರೆಲ್ಲ ನಕ್ಕರು. ಆ ನಗು ಶಾಮಾಳ ಕಿವಿಯಿಂದ ಇವತ್ತಿಗೂ ಹೋಗಿರಲಿಲ್ಲ. ಬತೂಲ್ ಆ ಕತ್ತಲಲ್ಲೇ ಕಸೂತಿ ಹಾಕಿ ಹಾಕಿ ಮಗಳನ್ನು ಓದಿಸಿದಳು, ಕಣ್ಣು ಕಳೆದುಕೊಂಡಳು. ಕೊನೆಗೆ ಮನೆಗೆ ಬೀಗ ಹಾಕಿ ಅಮ್ಮ ಮಗಳು ಹೊಸ ಊರಿನ ಬಾಡಿಗೆ ಮನೆ ಸೇರಿದ್ದರು.

"ಈ ಹಜಾರಕ್ಕೆ ಬೆಳಕು ಬರೋದಾದ್ರೆ ಪಕ್ಕದ ಅಂಗಳದ ಕಡೆಯಿಂದಾನೇ ಬರಬೇಕು ಹಾಜಿ," ಎಂದಳು ಶಾಮಾ. "ಇಲ್ಲಿ ಎರಡಾಳೆತ್ತರದ ಗಾಜಿನ ಕಿಟಕಿ ಇಡೋಣ. ಆದ್ರೆ ಆ ಅಂಗಳಕ್ಕೆ ಬಿಸಿಲು ಬಿದ್ರೆ ತಾನೇ ನಿಮಗೆ ಬೆಳಕು? ಮೇಲಿನ ಗೋಡೆ ಇಳಿಸಬೇಕಾಗುತ್ತೆ."

"ಇಳಿಸಿ, ಇಳಿಸಿ! ಏನೋ ಹಳೇ ಜಿದ್ದಿಗೆ ಕಟ್ಟಿದ್ದು."

"ಕಿಟಕಿಗೆ ಪಕ್ಕದ ಮನೆಯೋರು ಒಪ್ಪಬೇಕಲ್ಲ?"

ಹಾಜಿ ಹೊಟ್ಟೆ ಹಿಡಿದು ನಕ್ಕ. "ಎಲ್ಲಿದಾರಮ್ಮ ಪಕ್ಕದೋರು? ಇರೋದು ಬೆಕ್ಕುಗಳು. ಬೆಕ್ಕಿಗೆಂಥ ಪರದೆ!"

ಅವಳು ಕೇಳಿದ್ದಾಯಿತು, ಅವನು ಹೇಳಿದ್ದಾಯಿತು. ಇನ್ನು ಅವಳ ತಪ್ಪೇನು?

ಪರವಾನಗಿಗೆ ಬೇಕು ಎಂದು ಶಾಮಾ ಹೇಳಿದ್ದೇ ತಡ, ಇಳಿಸಿದ ಗೋಡೆಯನ್ನು ಮತ್ತೆ ಏರಿಸುವುದಿಲ್ಲವೆಂದು ಹಾಜಿ ನಗರಸಭೆಗೆ ತಾನೇ ಬರೆದುಕೊಟ್ಟ. ಗೋಡೆ ಉರುಳಿದ ದಿನ ಶಾಮಾ ತನ್ನ ಹಳೇ ಅಂಗಳಕ್ಕೆ ಬಿಸಿಲು ಇಳಿಯುವುದನ್ನು ಹಾಜಿಯ ಹಜಾರದಲ್ಲೇ ನಿಂತು ನೋಡಿದಳು. ಆಮೇಲೆ ಕಿಟಕಿ ಏರಿತು. ದೇವದಾರು ಮರದ ಚೌಕಟ್ಟು, ಕಣ್ಣಿಗೇ ಕಾಣದಂಥ ಗಾಜು. ಬೆಳಗ್ಗೆ ಹಜಾರದ ಹಳೇ ಹಂಚುಗಳೆಲ್ಲ ಮುಖ ತೊಳೆದುಕೊಂಡಂತೆ ಹೊಳೆದವು. ಅಷ್ಟು ಚೆಂದದ ಕೆಲಸವನ್ನು ಅವಳು ಹಿಂದೆಂದೂ ಮಾಡಿರಲಿಲ್ಲ. ಇದನ್ನೇ ಕೊಲ್ಲಬೇಕಲ್ಲ ಎನ್ನಿಸಿತು. ಎನ್ನಿಸಲಿ ಬಿಡು, ಎಂದುಕೊಂಡಳು.

ಅತಿಥಿಗಳು ಬರತೊಡಗಿದರು. ಕಿಟಕಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಹಾಜಿ ಕಂಡಕಂಡವರ ಹತ್ತಿರ ಮೀಸೆ ತಿರುವಿದ. ಆಗ ಶಾಮಾ ಪಕ್ಕದ ಮನೆಯ ಬೀಗ ತೆಗೆದಳು. ಬೆಕ್ಕುಗಳನ್ನು ಓಡಿಸಿ, ಸುಣ್ಣ ಬಳಿಸಿ, ಅಮ್ಮನನ್ನು ಕೈಹಿಡಿದು ಕರೆತಂದು, ಕೈಗೆ ಹಳೇ ಸೂಜಿ ಕೊಟ್ಟು ಅಂಗಳದ ನಡುವೆ ಕೂರಿಸಿದಳು. ಮರುದಿನ ಬೀದಿಯ ಹಿರಿಯರನ್ನು ಕರೆಸಿದಳು.

ಇಂಥ ತಕರಾರಿಗೆ ಅಲ್ಲಿ ಪರೀಕ್ಷೆ ಒಂದೇ. ಗಾರೆ ಕೆಲಸದವರ ಯಜಮಾನ ಕಿಟಕಿಯ ಒಳಗೆ ನಿಂತ. ಹಾಜಿ ಪಕ್ಕದಲ್ಲಿ ಬೆವರುತ್ತ ನಿಂತ.

"ಏನು ಕಾಣ್ಸುತ್ತೆ?" ಎಂದು ಅಂಗಳದಿಂದ ಕೂಗಿದಳು ಶಾಮಾ.

"ಲಲ್ಲಾ ಬತೂಲ್ ಕಾಣ್ತಿದಾರೆ," ಎಂದ ಯಜಮಾನ. "ಮುಖಾನೂ ಕಾಣ್ಸುತ್ತೆ, ಕೈಯಲ್ಲಿರೋ ಸೂಜೀನೂ ಕಾಣ್ಸುತ್ತೆ." ಹಾಜಿಯ ಕಡೆ ತಿರುಗಿದ. "ಮುಚ್ಚಲೇಬೇಕು ಹಾಜಿ. ಕೆಳಗಿಂದ ಮೇಲಿನವರೆಗೂ."

ಬತೂಲ್ ಎಂಬ ಹೆಸರು ಕೇಳಿದ ಮೇಲೆಯೇ ಹಾಜಿ ಶಾಮಾಳ ಮುಖವನ್ನು ಸರಿಯಾಗಿ ನೋಡಿದ್ದು.

ಇಟ್ಟಿಗೆ ಏರಿತು. ಹಜಾರ ಮತ್ತೆ ಗವಿಯಾಯಿತು. ಅತಿಥಿಗಳು ಮೂಗು ಮುರಿದು ಬೇರೆ ಕಡೆ ಹೋದರು. ಒಂದು ಬೆಳಗ್ಗೆ ಹಾಜಿ ಟೋಪಿ ಕೈಯಲ್ಲಿ ಹಿಡಿದುಕೊಂಡು ಬತೂಲ್‌ಳ ಹೊಸ್ತಿಲಿಗೆ ಬಂದು ನಿಂತ. ಬೀದಿಯ ಜನ ಆಗಲೇ ಕತ್ತು ಚಾಚಿದ್ದರು.

"ಲಲ್ಲಾ, ದೊಡ್ಡ ಮನಸ್ಸು ಮಾಡಿ," ಎಂದ. "ನೀವು ಒಂದು ಮಾತು ಒಪ್ಪಿಗೆ ಅಂದ್ರೆ ಕಿಟಕಿ ಮತ್ತೆ ತೆರೆಸ್ಕೋತೀನಿ. ನಿಮಗಂತೂ ಕಣ್ಣು ಕಾಣಲ್ಲ, ಈ ಅಂಗಳದ ಬೆಳಕು ನಿಮಗಿದ್ರೆಷ್ಟು, ಬಿಟ್ರೆಷ್ಟು? ನನಗಾದ್ರೂ ಸ್ವಲ್ಪ ಸಿಗಲಿ."

ಶಾಮಾ ಕೆಂಡವಾದಳು. ಬಾಯಿ ತೆರೆಯುವಷ್ಟರಲ್ಲಿ ಬತೂಲ್ ಅವಳ ತೋಳು ಹಿಡಿದಳು.

"ಕಾಣಲ್ಲ, ನಿಜ," ಎಂದಳು. "ಬೆನ್ನಿಗೆ ಬಿಸಿ ತಾಗುತ್ತೆ. ನನಗಷ್ಟು ಸಾಕು. ಮಗಳೇ, ನನ್ನ ಕಸೂತಿ ಪೆಟ್ಟಿಗೆ ತಾ."

ಪೆಟ್ಟಿಗೆಯ ತಳಕ್ಕೆ ಕೈಹಾಕಿ ಬತೂಲ್ ಒಂದು ಕಟ್ಟು ಎತ್ತಿದಳು. ಮೇಣದಬತ್ತಿಗಳು. ಹಳದಿ ತಿರುಗಿದ್ದವು, ಕಟ್ಟಿದ ದಾರ ಹಾಗೇ ಇತ್ತು. ಶಾಮಾ ದಂಗಾಗಿ ನಿಂತಳು. ಕಣ್ಣು ಹೋಗುವವರೆಗೆ ಕತ್ತಲಲ್ಲಿ ಎಳೆ ಎಣಿಸಿದವಳು ಇದರಲ್ಲಿ ಒಂದನ್ನೂ ಹಚ್ಚಿರಲಿಲ್ಲ.

ಬತೂಲ್ ಗಾಳಿಯಲ್ಲಿ ತಡಕಾಡಿ ಹಾಜಿಯ ಕೈ ಹುಡುಕಿದಳು. ಕಟ್ಟನ್ನು ಅದರಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ತಗೋ ಹಾಜಿ," ಎಂದಳು. "ಕತ್ತಲೆ ಅಂತ ಅಳಬೇಡ."