ವೆಂಡೆಲ್‌ನ ಹೆಬ್ಬೆರಳು

ಹೆಬ್ಬಾತಿನ ತೊಡೆಯ ಚರ್ಮ ಹಲ್ಲಿಗೆ ಸಿಕ್ಕಿ ಗರಿಗರಿ ಎಂದಿತು, ಪಕ್ಕದ ಮೇಜಿನವರಿಗೂ ಕೇಳಿಸಿತೇನೋ, ಗಂಡ ಸತ್ತು ವರ್ಷ ತುಂಬಿಲ್ಲ, ಮೈಮೇಲೆ ಕಪ್ಪು ಬಟ್ಟೆ, ಬಾಯಲ್ಲಿ ಹೆಬ್ಬಾತು, ನೋಡಿದವರು ಏನಂದುಕೊಂಡಾರು, ಅದೂ ಎಲ್ಲಿ, ಗಾಶ್ಪಾರನ ವೈನ್ ತೋಟದ ಹೋಟೆಲಿನಲ್ಲಿ — ವೆಂಡೆಲ್ ಇದ್ದಿದ್ದರೆ ಈ ಗುಡ್ಡವನ್ನೇ ಹತ್ತುತ್ತಿರಲಿಲ್ಲ, ಗಾಶ್ಪಾರನ ಗೇಟು ಬಂದರೆ ಮುಖ ತಿರುಗಿಸಿಕೊಂಡು ಸೈಕಲ್ ತುಳಿಯುತ್ತಿದ್ದ, ಒಮ್ಮೆ ಹಾಗೆಯೇ ಚರಂಡಿಗೆ ಬಿದ್ದು, ಎದ್ದು, ಅದಕ್ಕೂ ಗಾಶ್ಪಾರನನ್ನೇ ಬೈದ. ನಗು ಬರುತ್ತಿದೆ, ನಗಬಾರದು. ಇವತ್ತು ಸಂತ ಮಾರ್ಟಿನನ ದಿನ ಅಮ್ಮ, ಹೊಸ ವೈನ್ ಕುಡಿಯೋ ದಿನ, ಮನೇಲಿ ಒಬ್ಳೇ ಕೂತು ಏನ್ ಮಾಡ್ತೀಯ ಎಂದು ಇಲ್ಡಿಕೊ ಎಳೆದು ತಂದಳು, ಮಗಳ ಮಾತಿಗೆ ಇಲ್ಲ ಎನ್ನಲಾಗಲಿಲ್ಲ, ಸುಳ್ಳು, ಎನ್ನಬಹುದಿತ್ತು, ನನಗೇ ಬರಬೇಕಿತ್ತು, ಒಬ್ಬಳಿಗೆಂದು ಬೇಯಿಸಿಕೊಂಡು ತಿಂದು ನಾಲಿಗೆ ಜಡ್ಡುಗಟ್ಟಿತ್ತು. ಕೆಂಪು ಎಲೆಕೋಸು ಇನ್ನೊಂದು ಚಮಚ ಹಾಕಿಕೊಳ್ಳುತ್ತೇನೆ, ನಾಚಿಕೆಗೆಟ್ಟವಳು.

ಮತ್ತೆ ಈ ವೈನ್, ಒಂದು ಗುಟುಕು ಎಂದುಕೊಂಡವಳು ಗ್ಲಾಸನ್ನು ಅರ್ಧ ಖಾಲಿ ಮಾಡಿದ್ದೇನೆ, ಹುಳಿ ಚೆರಿಯ ವಾಸನೆ, ಗಂಟಲಲ್ಲಿ ಮೆಣಸಿನ ಚುರುಕು, ಕಡಾರ್ಕಾ ಅಂದರೆ ಹೀಗಿರುತ್ತದೆಯೇ, ನಮ್ಮ ಇಳಿಜಾರಿನ ತೋಟದಲ್ಲಿ ಬೆಳೆಯುವುದೂ ಕಡಾರ್ಕಾ ದ್ರಾಕ್ಷಿಯೇ, ನಮ್ಮದನ್ನು ಕುಡಿದರೆ ಮೊದಲು ಮೂಗಿಗೆ ಹೊಡೆಯುವುದು ಒದ್ದೆ ಗೋಣಿಚೀಲ, ಆಮೇಲೆ ಹಲ್ಲು ಜುಮ್ಮೆನ್ನುವ ಹುಳಿ, ಮದುವೆಯಾದ ವರ್ಷವೇ ಗೊತ್ತಾಯಿತು, ನೆಲಮಾಳಿಗೆಯಲ್ಲಿ ಮೇಣದಬತ್ತಿ, ವೆಂಡೆಲ್ ತನ್ನ ಅಜ್ಜನ ಕಾಲದ ಪೀಪಾಯಿಗೆ ಲೋಪೋ ಇಳಿಸಿ, ಆ ಹೊಟ್ಟೆಯುಬ್ಬಿದ ಗಾಜಿನ ಕೊಳವೆಯಲ್ಲಿ ವೈನ್ ಎಳೆದು, ಮೇಲಿನ ತೂತನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡ, ಕತ್ತರಿ ತಾಗಿ ಉಗುರು ಸೀಳಿದ ಹೆಬ್ಬೆರಳು, ಅದನ್ನು ಚೂರೇ ಎತ್ತಿ ಮೊದಲು ನನ್ನ ಗ್ಲಾಸಿಗೆ ಬಿಟ್ಟು ಮತ್ತೆ ಮುಚ್ಚಿದ, ಹೆಂಗಿದೆ ಎತೆಲ್ಕಾ ಅಂದ, ನಾನು ಹೇಳುವವರೆಗೆ ಉಳಿದದ್ದನ್ನು ತನ್ನ ಗ್ಲಾಸಿಗೆ ಬಿಡುತ್ತಿರಲಿಲ್ಲ, ನಿನ್ ನಾಲಿಗೆ ಸಾಕು ನಂಗೆ ಅನ್ನುತ್ತಿದ್ದ, ಹುಟ್ಟಿದಾಗಿನಿಂದ ಅದನ್ನೇ ಕುಡಿದವನು, ಅವನಿಗೆ ವೈನ್ ಎಂದರೆ ಅದೇ. ಆದರೆ ನಾನು ಪೀಪಾಯಿ ಮಾಡುವವನ ಮಗಳು, ಕೊಳೆತ ಮರದ ವಾಸನೆ ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು. ಅವನ ಮುಖ ನೋಡಿದೆ, ಚೆನ್ನಾಗಿದೆ ಅಂದೆ. ಮರುವರ್ಷವೂ ಅಂದೆ. ಒಮ್ಮೆ ಅಂದ ಮೇಲೆ ಹಿಂತೆಗೆದುಕೊಳ್ಳುವುದು ಹೇಗೆ, ಪ್ರತಿ ವಸಂತಕ್ಕೂ ಬಾಟಲಿಗೆ ರಿಬ್ಬನ್ ಕಟ್ಟಿ ಊರಿನ ಸ್ಪರ್ಧೆಗೆ ಒಯ್ಯುತ್ತಿದ್ದ, ಪದಕವಿಲ್ಲದೆ ಬರುತ್ತಿದ್ದ, ಆಗ ಗಾಶ್ಪಾರ್ ಅವನ ಗೆಳೆಯ, ಒಂದೇ ಬೆಂಚಿನಲ್ಲಿ ಕೂತು ಓದಿದವನು, ತೀರ್ಪುಗಾರರಲ್ಲಿ ಅವನೊಬ್ಬನೇ ಹತ್ತಿರ ಬಂದು ಪೀಪಾಯಿ ಒಂದ್ಸಲ ನೋಡಿಸು ವೆಂಡೆಲ್ ಅಂದನಂತೆ, ವೆಂಡೆಲ್ ಟೋಪಿಯನ್ನೂ ತೆಗೆಯದೆ ಅಡುಗೆಮನೆಗೆ ಬಂದು ನಿಂತ, ಪೀಪಾಯಿಗೆ ಏನಾಗಿದೆ, ನೀನೇ ಹೇಳು. ಆಗಲಾದರೂ ಹೇಳಬಹುದಿತ್ತಲ್ಲ, ಹಿಟ್ಟಿನ ಕೈ ಒರೆಸಿಕೊಂಡು ಏನೂ ಆಗಿಲ್ಲ, ಅವ್ನಿಗೆ ಹೊಟ್ಟೆಕಿಚ್ಚು ಅಂದೆ. ಅಂದಿನಿಂದ ಅವರಿಬ್ಬರ ಮಾತು ನಿಂತಿತು.

ಗಾಶ್ಪಾರ್ ಬರುತ್ತಿದ್ದಾನೆ, ಕೂದಲೆಲ್ಲ ಬೆಳ್ಳಗಾಗಿದೆ, ಕೈಯಲ್ಲಿ ಅವನದೂ ಒಂದು ಲೋಪೋ, ಮೇಜಿನಿಂದ ಮೇಜಿಗೆ ಬಡಿಸಿಕೊಂಡು ನಮ್ಮ ಮೇಜಿಗೆ, ಇಲ್ಡಿಕೊ ಯಾಕೆ ತಟ್ಟೆಯನ್ನೇ ನೋಡುತ್ತಿದ್ದಾಳೆ, ಅವನು ನನ್ನ ಗ್ಲಾಸು ತುಂಬಿಸಿ ಕುರ್ಚಿ ಎಳೆದು ಕೂರುತ್ತಾನೆ, ಬಂದೆಯಲ್ಲ ಎತೆಲ್ಕಾ ಎನ್ನುತ್ತಾನೆ, ದನಿ ತಗ್ಗಿಸಿ, ಇದು ವೆಂಡೆಲ್ ತೋಟದ್ದು ಎನ್ನುತ್ತಾನೆ. ಈ ಸಲದ ಕೊಯ್ಲನ್ನು ಇಲ್ಡಿಕೊ ಯಾರಿಗೋ ಕೊಟ್ಟಳು, ಯಾರಿಗೆಂದು ನಾನು ಕೇಳಲಿಲ್ಲ, ಕೇಳುವ ತ್ರಾಣವಿರಲಿಲ್ಲ. ನಾನೇನೂ ಮಾಡಿಲ್ಲ, ಅಷ್ಟ್ ಒಳ್ಳೆ ದ್ರಾಕ್ಷಿ ಅದು, ಪೀಪಾಯಿ ಮಾತ್ರ ನಂದು ಎನ್ನುತ್ತಾನೆ ಗಾಶ್ಪಾರ್. ಪೀಪಾಯಿ ಮಾತ್ರ. ಹೊಸ ಓಕ್ ಮರದ ಒಂದು ಪೀಪಾಯಿ, ಅಪ್ಪ ಬದುಕಿದ್ದಾಗ ಕೇಳಿದ್ದರೆ ಮಾಡಿಕೊಡುತ್ತಿದ್ದ, ನಾನು ಒಂದು ಮಾತು ಕೇಳಿದ್ದರೆ, ವೆಂಡೆಲ್‌ಗೆ ಒಂದು ಮಾತು ಹೇಳಿದ್ದರೆ, ಒಂದು ದಿನ ಮುನಿಸಿಕೊಳ್ಳುತ್ತಿದ್ದ, ಎರಡು ದಿನ, ಆಮೇಲೆ ಈ ವೈನ್, ಈ ಚೆರಿಯ ವಾಸನೆ ಅವನದಾಗುತ್ತಿತ್ತು, ಈ ಮೇಜಿನಲ್ಲಿ ಗಾಶ್ಪಾರನ ಪಕ್ಕದಲ್ಲಿ ಕೂತು ದೊಡ್ಡ ಗಂಟಲಲ್ಲಿ ನಗುತ್ತಿದ್ದ. ಅವನ ತೋಟದಲ್ಲಿ ಹೀಗೊಂದು ವೈನ್ ಇತ್ತು ಎಂದು ತಿಳಿಯದೆಯೇ ಹೋದ. ನೀನು ಹೂಂ ಅಂದ್ರೆ ಪೀಪಾಯಿ ಮೇಲೆ ಅವನ ಹೆಸರು ಬರೀತೀನಿ, ವಸಂತದಲ್ಲಿ ಸ್ಪರ್ಧೆಗೆ ಅವನ ಹೆಸರಲ್ಲೇ ಹೋಗ್ಲಿ ಎನ್ನುತ್ತಿದ್ದಾನೆ ಗಾಶ್ಪಾರ್, ಕಣ್ಣು ಒದ್ದೆಯಾಗಿದೆ, ನಿನ್ ನಾಲಿಗೆ ಅವನು ನಂಬ್ತಿದ್ದ, ಹೇಳು, ಹೆಂಗಿದೆ. ಅಮ್ಮ, ಹೇಳಮ್ಮ. ಹೇಳಬೇಕಾದದ್ದು ಅದೇ ಒಂದು ಮಾತು, ವರ್ಷ ವರ್ಷ ಸುಳ್ಳೇ ಅಂದದ್ದು, ಇವತ್ತು ನಿಜ, ಅಂದರಾಯಿತು, ಬಾಯಿ ತೆರೆಯುತ್ತೇನೆ, ಮತ್ತೆ ಆ ನೆಲಮಾಳಿಗೆ, ಮೇಣದಬತ್ತಿ ಉರಿಯುತ್ತಿದೆ, ಗಾಜಿನ ಹೊಟ್ಟೆಯಲ್ಲಿ ಕೆಂಪಗೆ ವೈನ್ ನಿಂತಿದೆ, ಕೆಳಗೆ ವೆಂಡೆಲ್‌ನ ಖಾಲಿ ಗ್ಲಾಸು, ಮೇಲೆ ತೂತು ಮುಚ್ಚಿದ ಹೆಬ್ಬೆರಳು, ಸೀಳಿದ ಉಗುರು, ಎತ್ತುತ್ತಿಲ್ಲ, ನಾನು ಹೇಳುವವರೆಗೆ ಎತ್ತುವುದಿಲ್ಲ, ಆ ಹೆಬ್ಬೆರಳು