ಕಪಿಲೆಯ ತೊಗಲು

ಬೆಳಿಗ್ಗೆ ಎಂಟು ಗಂಟೆ. ಹರದನಹಳ್ಳಿಯ ಪುಟ್ಟಮಾದು ಸತ್ತು ನಾಲ್ಕು ತಾಸಾಗಿತ್ತು. ಅಂಗಳದಲ್ಲಿ ಹೆಣಕ್ಕೆ ನೀರು ಹುಯ್ಯುತ್ತಿದ್ದರು. ಹೆಂಡತಿ ಮರಿತಾಯಮ್ಮ ಅವನ ಬಲಗೈಯನ್ನು ಯಾರಿಗೂ ಮುಟ್ಟಗೊಡದೆ ತಾನೇ ತೊಳೆದು, ಮೊಣಕೈವರೆಗೆ ಬಟ್ಟೆ ಸುತ್ತಿದಳು. ಮಣಿಕಟ್ಟಿನ ಮೇಲೆ ಇದ್ದಿಲಿನಂಥ ಕಪ್ಪು ಹುಣ್ಣಿತ್ತು.

"ಇದ್ದಾಗ ಒಂದು ತುಂಬುತೋಳಿನ ಅಂಗಿ ಕಾಣ್ನಿಲ್ಲ ಆ ಕೈ. ಈಗ್ಯಾಕಮ್ಮಿ ಸುತ್ತೀಯೆ?" ಅಂದಳು ನೆರೆಮನೆಯ ಸುಂದ್ರಮ್ಮ.

"ನೊಣ ಕೂರ್ತವೆ ಕಣಕ್ಕ."

ಶಾಂತಮಲ್ಲಪ್ಪನವರು ಹೊಸ ಪಂಚೆ ತಂದು ಹೊಂಗೆಮರದಡಿ ನಿಂತಿದ್ದರು. ಪುಟ್ಟಮಾದು ಮೂವತ್ತು ವರ್ಷ ದುಡಿದದ್ದು ಅವರ ಹೊಲದಲ್ಲಿ. ಮರಿತಾಯಮ್ಮನನ್ನು ಕರೆದು ದನಿ ತಗ್ಗಿಸಿದರು.

"ದನದ ಡಾಕ್ಟ್ರು, ಶೇಕದಾರ್ರು ದನ ಹೂತ ಗುಂಡಿ ನೋಡಕೆ ಬಂದವ್ರೆ. ಜ್ವರ ಬಂದು ಸತ್ತ ಅನ್ನು, ಸಾಕು. ಸತ್ತ ನಿನ್ ಹಸೀಗೂ ಅರವತ್ತು ರೂಪಾಯಿ ಪರಿಹಾರ ಬರೆಸಿವ್ನಿ."

"ಆಗ್ಲಿ ಬುದ್ಧಿ."

*

ಎಂಟು ದಿನದ ಹಿಂದೆ ಊರಿಗೆ, ದನದಿಂದ ಮನುಷ್ಯರಿಗೂ ಅಂಟುವ ನೆರಡಿ ರೋಗ ಬಿದ್ದು ಹನ್ನೊಂದು ದನ ಸತ್ತಿದ್ದವು. ಸತ್ತ ದನವನ್ನು ಸುಲಿಯದೆ, ಸುಣ್ಣ ಹಾಕಿ ಇಡಿಯಾಗಿ ಹೂತವರಿಗೆ ಸರ್ಕಾರ ಪರಿಹಾರ ಕೊಡುತ್ತದೆ, ಸುಲಿದವನಿಗೂ ಸುಲಿಸಿದವನಿಗೂ ಕಾಸಿಲ್ಲ ಎಂದು ತಮಟೆ ಹೊಡೆದು ಸಾರಿದ್ದರು. ಪುಟ್ಟಮಾದು ತನ್ನ ಒಂದೇ ಹಸುವನ್ನು ಹಾಗೆಯೇ ಹೂತ.

ಮರುದಿನ ಶಾಂತಮಲ್ಲಪ್ಪನವರ ಎತ್ತು ಬಿತ್ತು. ಬಾವಿಯಿಂದ ನೀರೆತ್ತುವ ಕಪಿಲೆಯ ತೊಗಲು ಬಾನಿ ಹರಿದಿತ್ತು.

"ಅರ್ಧ ನೀರು ಬಾವಿಗೇ ಸುರೀತದೆ ಕಣ್ಲಾ ಮಾದು. ತೊಗಲು ತಗಿ, ಮಿಕ್ಕಿದ್ದ ಹೂತ್ಬುಡು. ಗುಂಡಿ ಬಗೆದು ಯಾರ್ ನೋಡಾರು?" ಅಂದರು ಅವರು.

ಆ ಬಾವಿಗೆ ತೊಗಲು ಒದಗಿಸುವುದು ಪುಟ್ಟಮಾದುವಿನ ತಾತನ ಕಾಲದಿಂದ ಬಂದ ಕೆಲಸ. ತಮ್ಮ ಮಂಟೇಸ್ವಾಮಿ ಎತ್ತಿನ ಕಾಲು ಹಿಡಿದುಕೊಂಡ, ಪುಟ್ಟಮಾದು ಸುಲಿದ.

"ಬ್ಯಾಡ ಅನ್ನಕೆ ಬಾಯಿ ಬರ್ನಿಲ್ಲ ಕಣಮ್ಮಿ," ಎಂದು ಹೆಂಡತಿಗೆ ಹೇಳಿದ.

*

ಚಟ್ಟ ಎತ್ತುವಾಗ ಮಂಟೇಸ್ವಾಮಿ ತೋಳು ಕೆರೆದುಕೊಂಡದ್ದು ಮರಿತಾಯಮ್ಮನ ಕಣ್ಣಿಗೆ ಬಿತ್ತು.

"ಏನ್ಲಾ ಅದು?"

"ಏನೋ ಕಡಿದದೆ ಅತ್ಗೆ. ನೋವಿಲ್ಲ, ನವೆ ಅಷ್ಟೆಯ."

ಊದಿದ ಗುಳ್ಳೆ, ನಡುವೆ ಕಪ್ಪು. ಪುಟ್ಟಮಾದುವೂ ಮೊದಲ ದಿನ ನೋವಿಲ್ಲವೆಂದೇ ಅಂದಿದ್ದ.

ಅಷ್ಟರಲ್ಲಿ ಡಾಕ್ಟರೂ ಕಂದಾಯದ ಶೇಕದಾರರೂ ಕೇರಿಗೆ ಬಂದರು. ಏನಾಗಿತ್ತೆಂದು ಡಾಕ್ಟರು ಕೇಳಿದರು.

"ಜ್ವರ ಸ್ವಾಮಿ, ಎರಡೇ ದಿನ," ಅಂದರು ಶಾಂತಮಲ್ಲಪ್ಪನವರು.

ಮರಿತಾಯಮ್ಮ ಅವರ ಮುಖ ನೋಡಲಿಲ್ಲ. "ಚಟ್ಟ ಇಳಿಸ್ರಪ್ಪ," ಅಂದಳು. ಗಂಡನ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. "ಎತ್ತು ಸುಲಿದವ್ನೆ ಬುದ್ಧಿ. ಅವನ ತಮ್ಮ ಇವ್ನು, ಕಾಲು ಹಿಡ್ಕಂಡಿದ್ದ. ಇವನ ತೋಳು ನೋಡಿ."

"ಯಾರ ಎತ್ತು?" ಶೇಕದಾರರು ಪುಸ್ತಕ ತೆರೆದರು.

ಅವಳು ಹೊಂಗೆಮರದಡಿ ನಿಂತಿದ್ದ ಶಾಂತಮಲ್ಲಪ್ಪನವರ ಕಡೆ ಕೈ ತೋರಿದಳು. ಸುಂದ್ರಮ್ಮ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು.

"ನಿನ್ ಹಸೀನ ದುಡ್ಡೂ ಓಯ್ತಲ್ಲಮ್ಮಿ."

"ಓಗ್ಲಿ ಬುಡಕ್ಕ. ಇನ್ನೊಂದ್ ಹೆಣ ತೊಳೆಯಕೆ ನನ್ ಕೈಲಾಗದು."

ಮಂಟೇಸ್ವಾಮಿ ಅಣ್ಣನ ಮಣ್ಣಿಗೆ ಹೋಗಲಿಲ್ಲ. ಡಾಕ್ಟರ ಜೀಪಿನಲ್ಲಿ ಚಾಮರಾಜನಗರದ ಆಸ್ಪತ್ರೆಗೆ ಹೋಗಿ, ಪೆನ್ಸಿಲಿನ್ ಚುಚ್ಚಿಸಿಕೊಂಡು, ಹತ್ತನೆಯ ದಿನ ಮನೆಗೆ ಬಂದ. ಪರಿಹಾರದ ಪಟ್ಟಿಯಲ್ಲಿ ಎರಡು ಹೆಸರು ಹೊಡೆದುಹಾಕಿದ್ದರು. ಮುಂಗಾರು ಬಿದ್ದಾಗ ಮರಿತಾಯಮ್ಮನನ್ನು ಕಳೆ ಕೀಳಲು ಯಾರೂ ಕರೆಯಲಿಲ್ಲ. ಅತ್ತಿಗೆ ಮೈದುನ ಇಬ್ಬರೂ ಪುಣಜನೂರಿಗೆ ಬಿದಿರು ಕಡಿಯುವ ಕೂಲಿಗೆ ಹೋದರು.